ಮೀನಿನ ಟ್ಯಾಂಕಿಗೆ ಬಿಟ್ಟ ಬಾಗಿನ

ಮೀನಿಗೂ ಬೇಜಾರಾಗುತ್ತದೆಯೇ?

ನಗಬೇಡಿ... ಪೂರ್ತಿ ಓದಿದ ಮೇಲೂ ನಗು ಬಂದರೆ ಆಗ ನಗಿ.

ಪಾಂಡವಪುರದ ಕಡೆ ಕೆಂಪರಾಜು ಅಂತ ಒಬ್ಬ ವ್ಯಾಪಾರಿ. ಮನೆಯ ಹಿತ್ತಲಲ್ಲೇ ದೊಡ್ಡ ಟಾರ್ಪಾಲಿನ್ ಟ್ಯಾಂಕ್‌ಗಳನ್ನು ಕಟ್ಟಿಸಿ ಜಿಲೇಬಿ ಮೀನು ಸಾಕುತ್ತಿದ್ದ.

ಮನುಷ್ಯನಿಗೆ ಕ್ಲೀನಿನ ಹುಚ್ಚು. ಟ್ಯಾಂಕಿನಲ್ಲಿ ನೀರಿರಬೇಕು, ಮೀನಿರಬೇಕು... ಮೂರನೆಯದೇನೂ ಇರಕೂಡದು. ಒಂದು ಎಲೆ ಬಿದ್ದರೂ ಬಲೆ ಹಿಡಿದು ಓಡುತ್ತಿದ್ದ.

ಅದೇ ಹುಚ್ಚು ಮಗಳ ರೂಮಿಗೂ ನುಗ್ಗಿತು.

ಮಗಳು ಇಂಪನ, ಸೆಕೆಂಡ್ ಪಿಯುಸಿ. "ಓದೋ ರೂಮಲ್ಲಿ ಟೇಬಲ್ಲು, ಪುಸ್ತಕ, ಅಷ್ಟೇ ಇರ್ಬೇಕು" ಎಂದು ಅವಳು ಬರೆದು ಅಂಟಿಸಿದ್ದ ಚಿತ್ರಗಳನ್ನೆಲ್ಲ ಕಿತ್ತ. ಬಣ್ಣದ ಡಬ್ಬಿ ಅಟ್ಟ ಸೇರಿತು. ಕಿಟಕಿಯ ಮನಿ ಪ್ಲಾಂಟ್ ಹೊರಗೆ ಹೋಯಿತು. ಕೊನೆಗೆ ಬಾಗಿಲಿನ ಚಿಲಕವನ್ನೂ ಬಿಚ್ಚಿಬಿಟ್ಟ... ಬೇಕೆಂದಾಗ ಇಣುಕಬೇಕಲ್ಲ!

ಹುಡುಗಿ ಉಗುರು ಕಚ್ಚತೊಡಗಿದಳು... ರಕ್ತ ಬರುವ ತನಕ. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತಿತ್ತು.

"ಮಗ್ಳು ಸೊರಗೋಯ್ತಾವ್ಳೆ ಕಣ್ರೀ" ಎಂದಳು ಹೆಂಡತಿ ಜಯಶೀಲ.

"ಎಗ್ಜಾಮ್ ಟೆನ್ಷನ್ನು, ಬುಡು."

"ಎಗ್ಜಾಮ್ ಇರೋದು ಮಾರ್ಚ್‌ಗೆ. ಇನ್ನೂ ಗೌರಿ ಹಬ್ಬನೇ ಬಂದಿಲ್ಲ!"

ಹಿತ್ತಲಲ್ಲಿ ಮೀನುಗಳದ್ದೂ ಒಂದು ಗೋಳು. ಒಂದರ ರೆಕ್ಕೆಯನ್ನು ಇನ್ನೊಂದು ಕಚ್ಚುತ್ತಿತ್ತು. ಯಾರದ್ದಾದರೂ ನೆರಳು ಬಿದ್ದರೆ ಸಾಕು, ಹೆದರಿ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದವು. ಹಾಕಿದ ಫೀಡ್ ಮೇಲೆಯೇ ತೇಲುತ್ತಿತ್ತು. ನೀರು ಟೆಸ್ಟ್ ಮಾಡಿಸಿದರೆ... ನೀರಿನಲ್ಲಿ ತೊಂದರೆಯೇ ಇಲ್ಲ!

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಜಯಶೀಲ ಮೊದಲನೇ ಟ್ಯಾಂಕಿಗೆ ಪೂಜೆ ಮಾಡಿ, ಮೊರದ ಬಾಗಿನ ತೇಲಿಬಿಟ್ಟಳು. ಜೊತೆಗೆ ಪೂಜೆಗಿಟ್ಟಿದ್ದ ಮಣ್ಣಿನ ಮಡಕೆಯನ್ನೂ ಬಿಟ್ಟಳು. ಅದು ಬುಳುಬುಳು ಎಂದು ಮುಳುಗಿತು.

ಕೆಂಪರಾಜು ಕೂಗಾಡಿದ. "ಥೂ! ಟ್ಯಾಂಕಿಗೆ ಯಾರಾದ್ರೂ ಬಾಗಿನ ಬುಟ್ಟಾರೇನೆ?"

"ಡ್ಯಾಮ್ ತುಂಬಿದ್ರೆ ಮಂತ್ರಿಗಳೇ ಬಂದು ಬುಡ್ತಾರೆ. ನಮ್ ಟ್ಯಾಂಕೇನು ತುಂಬಿಲ್ವಾ? ಬುಟ್ಟ ಬಾಗಿನ ಎತ್ಬಾರ್ದು... ಮುಟ್ಟೀರಿ, ಜ್ವಾಕೆ!"

ದೇವರ ಭಯವೋ, ಹೆಂಡತಿಯ ಭಯವೋ... ಮುಟ್ಟಲಿಲ್ಲ.

ಕೆಲವು ದಿನ ಕಳೆದವು. ಆ ಒಂದು ಟ್ಯಾಂಕಿನಲ್ಲಿ ಮಾತ್ರ ಫೀಡ್ ಖಾಲಿಯಾಗತೊಡಗಿತು!

ಬಗ್ಗಿ ನೋಡಿದ. ಮೊರದ ನೆರಳಿನಲ್ಲಿ ಮೀನುಗಳ ಗುಂಪು ಹಾಯಾಗಿ ನಿಂತಿತ್ತು. ಒಂದು ಮೀನು ಮಡಕೆಯೊಳಗೆ ಹೋಗುತ್ತಿತ್ತು, ಇಣುಕುತ್ತಿತ್ತು, ಮತ್ತೆ ಒಳಗೆ. ಹರಿದ ರೆಕ್ಕೆಗಳು ಮಾಯುತ್ತಿದ್ದವು.

ಪರಿಚಯದ ಮೀನುಗಾರಿಕೆ ಅಧಿಕಾರಿಗೆ ಫೋನ್ ಮಾಡಿದ.

"ಬರೀ ಗೋಡೆ, ಬರೀ ನೀರು ಅಂದ್ರೆ ಅವಕ್ಕೂ ಒತ್ತಡ ಆಗುತ್ತೆ ರಾಜು ಅವ್ರೇ. ಬೆದರಿದಾಗ ಅವಿತುಕೊಳ್ಳೋಕೆ ಒಂದು ಮರೆ ಬೇಕು. ಉಳಿದ ಟ್ಯಾಂಕ್‌ಗೂ ಇಟ್ಟು ನೋಡಿ... ಆದ್ರೆ ತೊಳೆದು ಇಡಿ!"

ಕೆಂಪರಾಜು ಖುಷಿಯಿಂದ ಮಡಕೆ, ಪೈಪಿನ ತುಂಡು ಎಲ್ಲ ತಂದು ತೊಳೆದು ಇಳಿಸಿದ. ಮಗಳನ್ನು ಕೂಗಿದ.

"ಇಂಪು, ಬಾ ಇಲ್ಲಿ! ಪಾಪ ಕಣವ್ವ ಇವು... ಬಚ್ಚಿಟ್ಕಳಕ್ಕೆ ಜಾಗ ಇಲ್ದೆ ಕಚ್ಚಾಡ್ತಿದ್ವು. ನಂಗೇ ಗೊತ್ತಾಗ್ನಿಲ್ಲ. ಈಗ ನೋಡು!"

ಇಂಪನ ಟ್ಯಾಂಕಿನ ಅಂಚು ಹಿಡಿದು ಬಹಳ ಹೊತ್ತು ನೋಡಿದಳು.

ಆಮೇಲೆ ಮೆಲ್ಲಗೆ ಕೇಳಿದಳು...

"ಅಪ್ಪಾ... ನನ್ ರೂಮಿಗೂ ಒಂದು ಮಡಕೆ ಇಡ್ತೀಯಾ?"

ಕೆಂಪರಾಜು ನಗಲು ಹೋದ. ಅಂಚಿನ ಮೇಲಿದ್ದ ಅವಳ ಬೆರಳುಗಳು ಕಂಡವು... ಕಚ್ಚಿದ ಉಗುರು, ಒಣಗಿದ ರಕ್ತ.

ಒದ್ದೆ ಕೈಯಿಂದಲೇ ಆ ಬೆರಳುಗಳನ್ನು ಹಿಡಿದುಕೊಂಡ. "ಮೀನಿನ ರೆಕ್ಕೆ ನೋಡ್ದೆ... ನಿನ್ ಕೈ ನೋಡ್ನಿಲ್ವಲ್ಲವ್ವಾ..." ಎಂದ.

ಅವತ್ತೇ ಬಣ್ಣದ ಡಬ್ಬಿ ಅಟ್ಟದಿಂದ ಇಳಿಯಿತು. ಮನಿ ಪ್ಲಾಂಟ್ ಕಿಟಕಿಗೆ ಬಂತು. ಆದರೆ ಅದಕ್ಕೂ ಮೊದಲು ಅವನು ಮತ್ತೆ ಜೋಡಿಸಿದ್ದು ಬಾಗಿಲಿನ ಚಿಲಕವನ್ನು.

ಸಂಜೆ ಆ ಬಾಗಿಲನ್ನು ಮೊದಲ ಸಲ ಬಡಿದ. ಹೊರಗೇ ನಿಂತು ಕೇಳಿದ...

"ಇಂಪು... ಉಣ್ಣಕ್ಕೆ ಬತ್ತೀಯೇನವ್ವಾ?"

ಒಳಗಿಂದ ಚಿಲಕ ತೆಗೆದ ಸದ್ದು ಕೇಳಿಸಿತು.

*

ಶುಚಿಯಾಗಿ ಇಟ್ಟುಕೊಂಡ ಮಾತ್ರಕ್ಕೆ ಸಾಕಿದಂತಾಗುವುದಿಲ್ಲ... ಬೆದರಿದ ಜೀವಕ್ಕೆ ಒಂದು ಮರೆಯನ್ನೂ ಕೊಡಬೇಕು.

ನಿಮ್ಮ ಮನೆಯಲ್ಲಿ ಯಾರ ಬೆರಳುಗಳನ್ನು ನೀವು ಇನ್ನೂ ಸರಿಯಾಗಿ ನೋಡಿಲ್ಲ?