ಹೆಸರು ಹತ್ತಿದ ಗುಳಿಗೆ

ಗುಳಿಗೆಗೆ ಹೆಸರು ಹತ್ತುತ್ತದೆ ಎಂಬುದು ಈಗ ಸಣ್ಣ ಮಕ್ಕಳಿಗೂ ಗೊತ್ತು. ಡಬ್ಬಿಯ ಮೇಲೆ ಯಾರ ಹೆಸರಿನ ಲೇಬಲ್ ಇದೆಯೋ, ವಾರದೊಳಗೆ ಒಳಗಿನ ಗುಳಿಗೆ ಅವರದೇ ಆಗಿಬಿಡುತ್ತದೆ. ಧಾರವಾಡದ ಈ ವೃದ್ಧಾಶ್ರಮದಲ್ಲಿ ಹೋದ ತಿಂಗಳು ಇಬ್ಬರ ಡಬ್ಬಿ ಅದಲುಬದಲಾಗಿತ್ತು. ತೋಟಪ್ಪನ ಮೈಯಲ್ಲಿ ನೀಲವ್ವ, ನೀಲವ್ವನ ಮೈಯಲ್ಲಿ ತೋಟಪ್ಪ ಸಂಜೆಯ ತನಕ ಕೂತಿದ್ದು, ಗುಳಿಗೆಯ ಕಸುವು ಇಳಿದ ಮೇಲೆ ತಂತಮ್ಮ ಮೈಗೆ ಮರಳಿ ಚಹಾ ಕುಡಿದರು. ಯಾರೂ ಗಾಬರಿಯಾಗಲಿಲ್ಲ.

ಸತ್ತವರ ಗುಳಿಗೆಯನ್ನು ಮಾತ್ರ ಅವರ ಜೊತೆಗೇ ಮಣ್ಣಿಗೆ ಹಾಕಬೇಕು, ಅದು ರೂಢಿ. ಆದರೆ ನರ್ಸ್ ಕಸ್ತೂರಿಗೆ ಒಳ್ಳೆಯ ಔಷಧಿ ಹಾಳುಮಾಡಲು ಮನಸ್ಸಾಗಲಿಲ್ಲ. ಮೊನ್ನೆ ಮಣ್ಣು ಮಾಡಿದ ಈರವ್ವಕ್ಕೋರದೂ ಬಸಲಿಂಗಪ್ಪಜ್ಜನದೂ ಒಂದೇ ಬಿಪಿ ಗುಳಿಗೆ. ಅಜ್ಜನದು ಮುಗಿದಿತ್ತು, ಭಾನುವಾರ ಅಂಗಡಿ ಮುಚ್ಚಿತ್ತು. ಹಳೆಯ ಲೇಬಲ್ ಕಿತ್ತರೆ ಗುಳಿಗೆ ಮರೆತೀತು ಎಂದುಕೊಂಡು, ಅಜ್ಜನ ಹೆಸರು ಅಂಟಿಸಿ, ನಾಷ್ಟಾ ಆದ ಮೇಲೆ ಒಂದು ನುಂಗಿಸಿದಳು.

ಸ್ವಲ್ಪ ಹೊತ್ತಿಗೆ ಅಜ್ಜ ಹೆಗಲ ಮೇಲೆ ಇಲ್ಲದ ಸೆರಗನ್ನು ಸರಿಪಡಿಸಿಕೊಂಡ.

“ಕಸ್ತೂರಿ, ನನ್ನ ಕಣ್ಣಿನ ಚಾಳೀಸ ಎಲ್ಲಿಟ್ಟೀ ಯವ್ವಾ?” ಮಾತಿನ ಧಾಟಿ ಈರವ್ವನದೇ.

ಕಸ್ತೂರಿ ಡಬ್ಬಿಯನ್ನು ಕೈಗೆತ್ತಿಕೊಂಡಳು. “ಅಕ್ಕೋರ, ಹಂಗಾರ ಬಸಲಿಂಗಪ್ಪಜ್ಜ ಎಲ್ಲಿ ಅದಾರ್ರೀ?”

“ನಾ ಕುಂತಿದ್ದಲ್ಲೇ ಕುಂತಾನ, ಮಣ್ಣಾಗ. ನಿನ್ನ ಹೆಸರು ಹಿಡದು ಕೂಗಾಕತ್ತಾನ.”

ಬಳಿಕ ಅಜ್ಜನ ಅಂಗೈ ಮುಂದೆ ಬಂತು.

“ಸಂಜೀ ಗುಳಿಗೀನೂ ಅದೇ ಡಬ್ಬ್ಯಾಗಿಂದ ಕೊಡವ್ವಾ.”