ಅಲಗಿನ ಗೆರೆ

ಗಂಡಸರೆಲ್ಲ ಸೊಂಟಕ್ಕೆ ಬಾಕು ಸಿಕ್ಕಿಸಿಕೊಳ್ಳುವ ಜಾವಾದ ನಮ್ಮೂರಲ್ಲಿ, ಅದರ ಅಲಗಿನ ಗೆರೆ ನೋಡಿ ಗಂಡಸಿನ ಗುಣ ಹೇಳುವ ಅಜ್ಜನೊಬ್ಬನಿದ್ದ. ಮಗಳು ಮೆಚ್ಚಿದ ಹುಡುಗನ ಬಾಕು ತರಿಸಿಕೊಂಡು, ದುಡಿದು ದಣಿದು ಬಂದ ನನ್ನನ್ನೂ ಹೆಂಡತಿ ಮಗಳ ಜೊತೆ ಅಲ್ಲಿಗೆ ಎಳೆದೊಯ್ದಳು. ನಾನೇ ಹಿಡಿ ಕಳಚಿ, ಬರೀ ಅಲಗನ್ನು ಅಜ್ಜನ ಕೈಗಿಟ್ಟೆ.

ಬಿಳಿ ಗೆರೆಗಳನ್ನು ಬೆಳಕಿಗೆ ಹಿಡಿದು ಅಜ್ಜ ತಲೆಯಾಡಿಸಿದ. “ತುದಿಗೆ ಹೋಗ್ತಾ ಚದುರಿಬಿಟ್ಟಿದೆ. ಇವನು ಮನೇಲಿ ನಿಲ್ಲೋನಲ್ಲ ತಾಯಿ. ಹೆಂಡತಿ ಕಣ್ಣಲ್ಲಿ ನೀರು ಹಾಕಿಸ್ತಾನೆ.”

“ಕೇಳಿದೆಯೇನೇ?” ಹೆಂಡತಿ ಮಗಳತ್ತ ತಿರುಗಿದಳು. “ನಿಮ್ಮಪ್ಪನ್ನ ನೋಡು. ಇಪ್ಪತ್ತಾರು ವರ್ಷದಲ್ಲಿ ಒಂದು ರಾತ್ರಿ ಹೊರಗೆ ಮಲಗಿಲ್ಲ. ಕಟ್ಟಿಕೊಂಡ್ರೆ ಅಂಥವನನ್ನ ಕಟ್ಟಿಕೋಬೇಕು. ಏಳ್ರೀ, ಈ ಸಂಬಂಧ ಬೇಡ.”

ಮಗಳು ಬಿಕ್ಕಿದಳು. ನಾನು ಏಳಲಿಲ್ಲ.

“ಅಜ್ಜಾ, ಹುಡುಗನದು ಇನ್ನೂ ಒರೆಯಲ್ಲೇ ಇದೆ,” ಅಂದೆ. “ನೀವು ನೋಡಿದ್ದು ನನ್ನದು.”