ಗಂಜಿ ಕೇಂದ್ರದ ಊಟ

ಹೊಸ ರಗ್ಗಿನ ವಾಸನೆ ಮೂಗಿಗೆ ಬಂದರೆ ಈಗಲೂ ನಾನು ಬಣಕಲ್ ಹತ್ತಿರದ ಆ ಶಾಲೆಯ ಕೋಣೆಗೆ ಹೋಗಿಬಿಡುತ್ತೇನೆ.

ಆ ಮಳೆಗಾಲದಲ್ಲಿ ಹೊಳೆ ಉಕ್ಕಿ, ಗುಡ್ಡ ಜರಿದು, ನಮ್ಮ ಮನೆಯೂ ಅದರ ಹಿಂದಿನ ಕಾಫಿ ತೋಟವೂ ಮಣ್ಣಿನಡಿ ಹೋಗಿದ್ದವು. ಜೀವ ಉಳಿಸಿಕೊಂಡ ನಾವೆಲ್ಲ ಶಾಲೆಯಲ್ಲಿ ತೆರೆದಿದ್ದ ಗಂಜಿ ಕೇಂದ್ರದಲ್ಲಿದ್ದೆವು. ಅಲ್ಲಿ ಕೊಟ್ಟ ಹೊಸ ಒರಟು ರಗ್ಗು ಹೊದ್ದು ಗೋಡೆಗೆ ಒರಗಿದ್ದ ಅಜ್ಜಿ ಊಟ ಮುಟ್ಟಿರಲಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಆಳುಗಳಿಗೆಲ್ಲ ತಾನೇ ನಿಂತು ಬಡಿಸುತ್ತಿದ್ದವಳು ಅವಳು. "ದಾನದ ಅನ್ನ ನಂಗೆ ಇಳಿಯಲ್ಲ" ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದಳು.

ಮಧ್ಯಾಹ್ನ ನಮ್ಮ ಊರಿನ ಗ್ರಾಮ ಲೆಕ್ಕಿಗರಾಗಿದ್ದ ಮೇಡಂ ತಾವೇ ತಟ್ಟೆ ಹಿಡಿದು ಬಂದರು. ಅವರ ಸೀರೆಯಂಚಿಗೆಲ್ಲ ಕೆಸರು ಮೆತ್ತಿತ್ತು.

"ಇದು ದಾನ ಅಲ್ಲ ಅಜ್ಜಿ. ನಿಮ್ಮನ್ನ ನೋಡ್ಕೊಳ್ಳೋದು ಸರ್ಕಾರದ ಕೆಲಸ."

"ಸರ್ಕಾರ ಅಂದ್ರೆ ಯಾರು?"

ಮೇಡಂ ಸುತ್ತ ನೋಡಿದರು. "ಈಗ ಇಲ್ಲಿರೋದು ನಾನೇ."

ಅಜ್ಜಿ ಅವರ ಮುಖವನ್ನೇ ನೋಡಿದಳು. "ನೀವು ಉಂಡ್ರಾ?"

ಮೇಡಂ ತಟ್ಟೆಯನ್ನು ಅಜ್ಜಿಯ ಮುಂದಕ್ಕೆ ಸರಿಸಿದರು. ಅಜ್ಜಿ ಅವರ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿ, ಅಮ್ಮನಿಂದ ಇನ್ನೊಂದು ತಟ್ಟೆ ತರಿಸಿದಳು. ಇಬ್ಬರೂ ಬಿಸಿ ಅನ್ನಕ್ಕೆ ಸಾರು ಕಲಸಿಕೊಂಡು ಉಂಡರು. ನಾನು ಅಜ್ಜಿಯ ತೊಡೆಗೆ ಒರಗಿ, ಅವಳು ತುತ್ತು ನುಂಗುವುದನ್ನೇ ನೋಡುತ್ತಿದ್ದೆ.

ಅರ್ಧ ಊಟದಲ್ಲಿ ಅಜ್ಜಿ ಕೇಳಿದಳು, "ಮನೆ ಯಾವಾಗ ಕಟ್ಟಿಸಿ ಕೊಡ್ತೀರಿ?"

ಮೇಡಂ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. "ಸುಳ್ಳು ಹೇಳಲ್ಲ ಅಜ್ಜಿ, ನಂಗೆ ಗೊತ್ತಿಲ್ಲ. ಆದ್ರೆ ನೀವು ಕೇಳೋದು ಮಾತ್ರ ಬಿಡ್ಬೇಡಿ."

"ಬಿಡಲ್ಲ" ಎಂದಳು ಅಜ್ಜಿ. ಆಮೇಲೆ ಅಮ್ಮನ ಕಡೆ ತಿರುಗಿ, "ಇವ್ರಿಗೆ ಇನ್ನೂ ಸ್ವಲ್ಪ ಅನ್ನ ತಗೊಂಬಾ" ಎಂದಳು.